ಬೇಬಿಯ ವಯಸ್ಸು

೧೯೫೮ರಲ್ಲಿ ನಾನು ಮದ್ರಾಸಿನ ಮೈಲಾಪೂರಿನ ಒಂದು ಸಣ್ಣ ದವಾಖಾನೆಯಲ್ಲಿ ಕಂಪೌಂಡರ್. ಡಾಕ್ಟರು ಔಷಧಿ ಬರೆಯುತ್ತಿದ್ದರು. ಮಕ್ಕಳಿಗೆ ಎಷ್ಟೆಂದು ಲೆಕ್ಕ ಹಾಕುವುದು ನನ್ನ ಪಾಲಿನ ಕೆಲಸ. ವಯಸ್ಸಿಗೆ ಹನ್ನೆರಡು ಕೂಡಿಸಿ, ಬಂದ ಮೊತ್ತದಿಂದ ವಯಸ್ಸನ್ನು ಭಾಗಿಸಬೇಕು. ದೊಡ್ಡವರ ಪ್ರಮಾಣದಲ್ಲಿ ಅಷ್ಟು ಪಾಲು ಮಗುವಿಗೆ. ಹಾಗಾಗಿ ವಯಸ್ಸು ಸುಳ್ಳು ಹೇಳುವವರನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತಿತ್ತು.

ಆ ಬೆಳಿಗ್ಗೆ ರತ್ನಾವತಿ ಮಗಳು ಬೇಬಿಯನ್ನು ಎತ್ತಿಕೊಂಡು ಬಂದಳು. ನಮ್ಮ ಕುಂದಾಪುರದ ಕಡೆಯವಳು. ಗಂಡ ತೀರಿಕೊಂಡ ಮೇಲೆ ಹೋಟೆಲಿನಲ್ಲಿ ಹಿಟ್ಟು ರುಬ್ಬುತ್ತಿದ್ದಳು. ಮಗುವಿಗೆ ಬಿಡದ ಕೆಮ್ಮು. ಡಾಕ್ಟರು ಬರೆದದ್ದು ನಿದ್ದೆ ಬರಿಸುವ ಔಷಧಿ, ಹೆಚ್ಚಾದರೆ ಉಸಿರಿಗೇ ಸಂಚಕಾರ.

“ವಯಸ್ಸೆಷ್ಟು?”

“ಆರು.”

ಆರಕ್ಕೆ ಮೂರನೇ ಒಂದು ಪಾಲು. ಅಳೆಯಲು ಹೊರಟವನು ಮಗುವಿನ ಕೈಕಾಲು ನೋಡಿ ನಿಂತುಬಿಟ್ಟೆ.

“ಆರು ವರ್ಷದ ಮಕ್ಕಳನ್ನ ನಾ ಕಾಣ್ಲಿಲ್ಯಾ? ಸರಿಯಾಗ್ ಹೇಳ್ ಮಾರಾಯ್ತಿ” ಎಂದು ಗದರಿದೆ. “ಮದ್ದ್ ಹೆಚ್ಚಾದ್ರೆ ಮಗು ಏಳೂದಿಲ್ಲ.”

ಅವಳು ಬೆಂಚಿನ ಕಡೆ ನೋಡಿದಳು. ಅಲ್ಲಿ ಬೇಬಿಯ ಶಾಲೆಯ ಹೆಡ್‌ಮಿಸ್ಟ್ರೆಸ್, ಕನ್ನಡದವರೇ ಆದ ಕೌಸಲ್ಯಾ ಮಂಡಿನೋವಿನ ಔಷಧಿಗೆ ಕಾಯುತ್ತಿದ್ದರು. ಆಗ ನನಗೆ ಹೊಳೆಯಿತು. ಐದು ತುಂಬದ ಮಕ್ಕಳಿಗೆ ಆ ಶಾಲೆಯಲ್ಲಿ ಜಾಗವಿರಲಿಲ್ಲ. ಶಾಲೆ ತಪ್ಪಿದರೆ ಬೇಬಿ ದಿನವಿಡೀ ಹೋಟೆಲಿನ ಒಲೆಗಳ ನಡುವೆ ಇರಬೇಕು. ಗದರಿದ ಬಾಯಿಯನ್ನು ಹೊಲಿದುಕೊಳ್ಳೋಣ ಅನ್ನಿಸಿತು.

ರತ್ನಾವತಿ ಮಗಳನ್ನು ಎದೆಗೆ ಒತ್ತಿಕೊಂಡಳು. ಆಮೇಲೆ ಬೆಂಚಿನವರೆಗೂ ಕೇಳುವ ಹಾಗೆ ಹೇಳಿದಳು.

“ನಾಲ್ಕ್, ಕಿಟ್ಟಣ್ಣ. ಶಾಲಿಯಗೆ ಸುಳ್ಳ್ ಹೇಳಿದ್ದೆ. ಶಾಲಿ ಹೋದ್ರೆ ಹೋಯ್ಲಿ, ಇದಕ್ ಎಂತಾರೂ ಆದ್ರೆ ನಾ ಬದ್ಕುದಿಲ್ಲ.”

ನಾಲ್ಕಕ್ಕೆ ಕಾಲು ಪಾಲು. ಅಳೆದು ಸೀಸೆಗೆ ಸುರಿದೆ. ಪ್ರತಿ ಸಲಕ್ಕೆ ಎಷ್ಟೆಂದು ತೋರಿಸುವ ಕಾಗದದ ಪಟ್ಟಿ ಅಂಟಿಸಿದೆ. ಬೆಂಚಿನ ಕಡೆ ತಿರುಗಿ ನೋಡುವ ಧೈರ್ಯ ನನಗೆ ಇರಲಿಲ್ಲ.

ಕೌಸಲ್ಯಾ ಮಂಡಿ ಹಿಡಿದುಕೊಂಡು ಎದ್ದು ಬಂದರು. ಬೇಬಿಯ ಹಣೆ ಮುಟ್ಟಿ ನೋಡಿದರು.

“ಸೇರಿಸ್ಕೊಂಡ ದಿನವೇ ನಂಗೆ ಗೊತ್ತಿತ್ತು ಕಣಮ್ಮ. ಕೆಮ್ಮು ವಾಸಿಯಾದ ಮೇಲೆ ಕಳಿಸು.”

ರತ್ನಾವತಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತುಬಿಟ್ಟಳು. ಕೌಸಲ್ಯಾ ನನ್ನ ಕಡೆ ತಿರುಗಿದರು.

“ನಮ್ಮ ರಿಜಿಸ್ಟರಲ್ಲಿ ಅವಳಿಗೆ ಆರೇ ಇರಲಿ, ಕಿಟ್ಟಣ್ಣ. ಔಷಧಿ ಮಾತ್ರ ನಾಲ್ಕರದ್ದೇ ಕೊಡಿ.”