ಕುರ್ಚಿ ಮೇಲಿನ ತರಬೇತಿ

ರಾಣೆಬೆನ್ನೂರಿನಿಂದ ಹಲಗೇರಿಗೆ ಹೋಗುವ ರಸ್ತೆಯ ಬದಿಗೆ ಬೀರಲಿಂಗಪ್ಪನ ವರ್ಕಶಾಪು. ಟ್ರಾಲಿ, ಕೂರಿಗೆ, ಕುಂಟೆ ಮಾಡುವುದು, ಮುರಿದು ಬಂದದ್ದನ್ನು ಬೆಸೆಯುವುದು ಅಲ್ಲಿಯ ಕೆಲಸ. ಅಲ್ಲಿ ಕಲಿತವರೆಲ್ಲ ಬೈಸಿಕೊಂಡೇ ಕಲಿತವರು. ಮೊದಲು ಕಬ್ಬಿಣದ ಚೂರು ಗುಡಿಸಬೇಕು. ಆಮೇಲೆ ಬೆಸುಗೆಯ ಮೇಲಿನ ಕಿಟ್ಟ ಬಡಿಯಬೇಕು. ಆಮೇಲೆ ಇನ್ನೊಬ್ಬರು ಬೆಸೆಯುವಾಗ ಕಬ್ಬಿಣ ಹಿಡಿದು ನಿಲ್ಲಬೇಕು. ಹಿಡಿದದ್ದು ತುಸು ಅಲುಗಿದರೂ ಬೀರಲಿಂಗಪ್ಪನ ಬಾಯಿ ತೆರೆಯುತ್ತಿತ್ತು. ಮಾಲಕ ಹೆಚ್ಚು ಬೈಯತೊಡಗಿದನೆಂದರೆ ಕೆಲಸ ಕೈಗೆ ಹತ್ತುತ್ತಿದೆ ಎಂದು ಹುಡುಗರು ಒಳಗೊಳಗೇ ಹಿಗ್ಗುತ್ತಿದ್ದರು.

ಆ ವರ್ಷ ಡಿಪ್ಲೊಮಾ ಕಾಲೇಜಿನ ಶ್ರೀದೇವಿ ಮೇಡಂ ಕೊನೆಯ ಸೆಮಿಸ್ಟರಿನ ಇಬ್ಬರನ್ನು ತರಬೇತಿಗೆಂದು ಕರೆತಂದರು. ಹುಡುಗರಿಗೆ ಜೀವನ ಕೌಶಲ, ಉದ್ಯೋಗ ಕೌಶಲ ಹೇಳಿಕೊಡುವವರು ಅವರು.

"ವ್ಯಾಳ್ಯಾಕ್ಕ ಸರಿಯಾಗಿ ಬರೋದು, ಮಂದಿ ಜೋಡಿ ಹೊಂದಿಕೊಂಡು ಹೋಗೋದು, ಗಿರಾಕಿ ಜೋಡಿ ಮಾತಾಡೋದು, ಎಲ್ಲಾದಕ್ಕೂ ನೀವ ಮಾರ್ಕ್ಸ್ ಹಾಕಬೇಕ್ರಿ," ಎಂದರು ಮೇಡಂ.

ಇಬ್ಬರಲ್ಲಿ ಒಬ್ಬಳು ಜರೀನಾ, ಪಂಕ್ಚರ್ ಅಂಗಡಿಯ ಫಕ್ಕೀರಸಾಬನ ಮಗಳು. ಇನ್ನೊಬ್ಬ ಕಾಲೇಜಿನಲ್ಲಿ ಕಲಿಸಿದಂತೆ ಎದುರಿಗೆ ನೆಟ್ಟಗೆ ನಿಂತು, ಕಣ್ಣಲ್ಲಿ ಕಣ್ಣಿಟ್ಟು, ಕೈ ಚಾಚಿದ.

"ನಾನ್ರಿ ಸಿದ್ದಲಿಂಗೇಶ. ಬ್ಯಾಡಗಿ ವಿರೂಪಾಕ್ಷಪ್ಪನವರ ಮಗ. ನಮ್ಮದು ಮೆಣಸಿನಕಾಯಿ ಕೋಲ್ಡ್ ಸ್ಟೋರೇಜ್ ಐತ್ರಿ."

ಬೀರಲಿಂಗಪ್ಪ ಆ ಕೈಯನ್ನು ಹಿಡಿದವನು ಕೂಡಲೇ ಬಿಡಲಿಲ್ಲ. ಒಳಗಿನ ಮೂಲೆಯಲ್ಲಿ ಎಡಗೈಯಿಂದ ನಟ್ಟು ಬೋಲ್ಟು ಆರಿಸುತ್ತಿದ್ದ ಅವನ ತಮ್ಮ ಮೈಲಪ್ಪ ಒಮ್ಮೆ ತಲೆ ಎತ್ತಿ ನೋಡಿ ಮತ್ತೆ ಬಗ್ಗಿಸಿದ.

ಮೈಲಪ್ಪನ ಬಲಗೈ ಬೆರಳು ಮಡಚುತ್ತಿರಲಿಲ್ಲ. ಹಿಂದಿನ ವರ್ಷ ವಿರೂಪಾಕ್ಷಪ್ಪನ ಕೋಲ್ಡ್ ಸ್ಟೋರೇಜಿನಲ್ಲಿ ಚಾವಣಿಯ ಕೆಳಗಿನ ಕಬ್ಬಿಣದ ಆ್ಯಂಗಲ್ ಬೆಸೆಯಲು ಹೋಗಿದ್ದ. ಏಣಿಗೆ ನೆಲದಲ್ಲಿ ಜಾಗವಿರಲಿಲ್ಲ. ಗೋಡೆಯಿಂದ ಗೋಡೆಯವರೆಗೆ ಮೆಣಸಿನಕಾಯಿ ಚೀಲ. ಚೀಲ ಸರಿಸಿ ಕೊಡಿ ಎಂದು ಮೈಲಪ್ಪ ಕೇಳಿದ. ನಾಳೆ ಪೇಟೆ ಐತಿ, ಚೀಲದ ಮೇಲೇ ಏಣಿ ಇಟ್ಟು ಲಗೂ ಮುಗಿಸು ಎಂದ ವಿರೂಪಾಕ್ಷಪ್ಪ. ಒಣಮೆಣಸಿನಕಾಯಿಯ ಚೀಲ ಮೇಲಿಂದ ಗಟ್ಟಿ ಕಂಡರೂ ಭಾರ ಬಿದ್ದರೆ ಒಳಗೇ ಜಾರುತ್ತದೆ. ಏಣಿ ಜಾರಿತು. ಮೈಲಪ್ಪನ ಹಿಂದೆಯೇ ಆ್ಯಂಗಲ್ ಬಿದ್ದು ಕೈ ಜಜ್ಜಿತು. ಹಾವೇರಿಯಲ್ಲಿ ಕಾರ್ಮಿಕ ಅಧಿಕಾರಿ ಕೇಳಿದಾಗ ವಿರೂಪಾಕ್ಷಪ್ಪ ಹೇಳಿದ್ದು ಒಂದೇ ಮಾತು: "ಅವಗ ಕೆಲಸ ಬರತಿರಲಿಲ್ರಿ. ಏಣಿ ಎಲ್ಲಿ ಇಡಬೇಕು ಅನ್ನೂದೂ ಗೊತ್ತಿಲ್ಲದಾವ."

ಮೈಲಪ್ಪನಿಗೆ ಕೆಲಸ ಕಲಿಸಿದವನು ಬೀರಲಿಂಗಪ್ಪ. ತಮ್ಮನ ಕೈ ಹೋದ ದುಃಖಕ್ಕಿಂತಲೂ ಆ ಮಾತು ಅವನ ಎದೆಯಲ್ಲಿ ಹೆಚ್ಚು ಉರಿಯುತ್ತಿತ್ತು. ಈಗ ಆ ಮಾತಾಡಿದವನ ಮಗ ಕೆಲಸ ಕಲಿಯಲು ತಾನಾಗಿ ಬಾಗಿಲಿಗೆ ಬಂದಿದ್ದ.

ಬೀರಲಿಂಗಪ್ಪ ಪ್ಲಾಸ್ಟಿಕ್ ಕುರ್ಚಿಯೊಂದನ್ನು ಹೆಗಲ ಮೇಲಿನ ವಸ್ತ್ರದಿಂದ ಒರೆಸಿ ಬಾಗಿಲ ಬಳಿ ಹಾಕಿದ.

"ಕುಂದ್ರಿ ತಮ್ಮಾರ. ಚಾ ತರಸ್ತೇನಿ."

ಅಂದಿನಿಂದ ಸಿದ್ದಲಿಂಗೇಶನ ತರಬೇತಿ ಆ ಕುರ್ಚಿಯ ಮೇಲೆಯೇ ನಡೆಯಿತು. ಜರೀನಾ ಮಾತ್ರ ಎಲ್ಲರ ಹಾಗೆ ಗುಡಿಸಿದಳು, ಕಿಟ್ಟ ಬಡಿದಳು, ಕಡೆಗೆ ಬೆಸುಗೆಯ ಹೋಲ್ಡರು ಹಿಡಿದಳು.

"ಏ ಹುಡುಗಿ, ಅದೇನು ಬೆಸಗಿನೋ ಸಗಣಿ ಬಡದೀಯೋ? ಕೈ ಎಳಿ, ಎಳಿ ಅಂದ್ರ!"

"ಎಳ್ಯಾಕತ್ತೇನ್ರೀ ಕಾಕಾ. ನೀವು ಒದರೂದು ಕೇಳಿನ ಕೈ ನಡಗತೈತಿ."

"ನಡಗಲಿ. ನಡಗೂದು ನಿಲ್ಲೂತನಕ ಒದರತೇನಿ."

ಸಿದ್ದಲಿಂಗೇಶ ಎದ್ದು ಬಂದು, "ಮಾಲಕರ, ನಾನೂ ಒಂದೀಟು ಹಿಡೀಲ್ರೀ?" ಎಂದರೆ ಬೀರಲಿಂಗಪ್ಪ ನಾಲಿಗೆ ಕಚ್ಚಿಕೊಳ್ಳುತ್ತಿದ್ದ.

"ಛೇ ಛೇ, ಕೈ ಹೊಲಸಾಗತಾವ್ರಿ. ನೀವು ಗಿರಾಕಿ ನೋಡ್ರಿ. ಅದೂ ಕೆಲಸನ ಅಲ್ರೀ?"

ಹುಡುಗ ಗಿರಾಕಿಗಳನ್ನು ನಿಜಕ್ಕೂ ಚೆನ್ನಾಗಿ ನೋಡಿದ. ಬಂದವರಿಗೆ ನೀರು ಕೊಟ್ಟು, ಹೊಲ ಎಷ್ಟು, ಏನು ಬಿತ್ತುತ್ತೀರಿ ಎಂದೆಲ್ಲ ವಿಚಾರಿಸಿ, ಕೆಲಸ ತಡವಾದರೆ ತಾನೇ ಫೋನು ಮಾಡಿ ಹೇಳುತ್ತಿದ್ದ. ಕದರಮಂಡಲಗಿಯ ರೈತನೊಬ್ಬ ಕೂರಿಗೆ ಒಯ್ಯುತ್ತ ನಕ್ಕ: "ಬೀರಲಿಂಗಪ್ಪಾ, ಇವ ಬಂದಮ್ಯಾಲ ನಿನ್ನ ಅಂಗಡಿ ಬ್ಯಾಂಕ್ ಆಗೇತಿ ನೋಡ. ಮೊದಲ ಬಂದ್ರ ನಿನ್ನ ಬೆನ್ನ ಕಾಣತಿತ್ತು."

ಬೀರಲಿಂಗಪ್ಪನೂ ನಕ್ಕ. ಹುಡುಗನ ಒಳ್ಳೆಯತನ ಅವನಿಗೆ ಕಾಣಲಿಲ್ಲವೆಂದಲ್ಲ. ಕಂಡಷ್ಟೂ ಅವನು ಚಹಾಕ್ಕೆ ಸಕ್ಕರೆ ಹೆಚ್ಚು ಹಾಕಿಸಿದ. ಕೆಲಸ ಬರದವ ಅಂದೆಯಲ್ಲ, ನಿನ್ನ ಮಗನನ್ನೇ ಕೆಲಸ ಬರದವನನ್ನಾಗಿ ಮಾಡಿ ಕಳಿಸುತ್ತೇನೆ ಎಂದು ಮನಸ್ಸಿನಲ್ಲಿ ಅಂದುಕೊಳ್ಳುವಾಗ ಅವನಿಗೆ ಊಟ ರುಚಿಸುತ್ತಿತ್ತು.

ಮೈಲಪ್ಪ ಒಂದು ಮಧ್ಯಾಹ್ನ ರೊಟ್ಟಿ ಮುರಿಯುತ್ತ ಕೇಳಿದ: "ಅಣ್ಣಾ, ಆ ಹುಡುಗಗ ಯಾಕ ಏನೂ ಕಲಸವಲ್ಲಿ?"

"ಮರ್ಯಾದಿ ಕೊಡಾಕತ್ತೇನಿ. ದೊಡ್ಡವರ ಮಗ."

ಮೈಲಪ್ಪ ಪುನಃ ಕೇಳಲಿಲ್ಲ.

ಕೇಳಿದವಳು ಜರೀನಾ. "ಕಾಕಾ, ಅವಗೂ ಒಂದಿಷ್ಟು ಬೈರಿ. ನಿನ್ನೆ ಬಸ್ಸಿನ್ಯಾಗ ನನ್ನ ಕೈಮ್ಯಾಲಿನ ಸುಟ್ಟ ಕಲಿ ನೋಡಿ, ನನಗ ಒಂದೂ ಇಲ್ಲ ಅಂದ. ಅಳು ಬಂದಿತ್ರಿ ಅವಗ. ಮನ್ಯಾಗ ಹೇಳಾಕೂ ನಾಚಿಕಿ ಅಂತ."

"ನಿನ್ನ ಕೆಲಸ ನೀ ನೋಡಕೋ," ಎಂದ ಬೀರಲಿಂಗಪ್ಪ.

ತರಬೇತಿ ಮುಗಿಯುವ ದಿನ ಶ್ರೀದೇವಿ ಮೇಡಂ ಬಂದರು. ವಿರೂಪಾಕ್ಷಪ್ಪನೂ ಕಾರಿನಲ್ಲಿ ಪೇಢೆಯ ಡಬ್ಬಿ ತಂದ. ಬೀರಲಿಂಗಪ್ಪ ಸಿದ್ದಲಿಂಗೇಶನಿಗೆ ಎಲ್ಲದರಲ್ಲೂ ಪೂರ್ತಿ ಮಾರ್ಕ್ಸ್ ಹಾಕಿ, ಶಾಲು ಕೂಡ ಹೊದಿಸಿದ. ಮೇಡಂ ಮೊಬೈಲಿನಲ್ಲಿ ಫೋಟೋ ಹಿಡಿದರು. ಮೈಲಪ್ಪ ಮೂಲೆಯಿಂದ ಏಳಲಿಲ್ಲ. ವಿರೂಪಾಕ್ಷಪ್ಪನೂ ಆ ಕಡೆ ನೋಡಲಿಲ್ಲ.

"ಚಲೋ ಆತು," ಎಂದ ಅವನು ಪೇಢೆ ಹಂಚುತ್ತ. "ನಾಳಿಂದ ನಮ್ಮ ರಿಪೇರಿ ಎಲ್ಲಾ ಇವನ ಮಾಡ್ತಾನ. ಮ್ಯಾಲಿನ ಪೈಪಿನ ಬ್ರಾಕೆಟ್ ಬಿಟ್ಟಾವು, ಅವನ್ನ ಮೊದಲ ಬೆಸದ ಬಿಡ್ಲಿ. ಹೊರಗಿನವರನ್ನ ಕರದು ಸಾಕಾಗೇತಿ."

ಬೀರಲಿಂಗಪ್ಪನ ಬಾಯಿಯಲ್ಲಿ ಪೇಢೆ ಹಾಗೇ ನಿಂತಿತು. "ಏಣಿ ಎಲ್ಲಿ ಇಡಸ್ತೀರಿ ಸಾವಕಾರ್ರ?"

"ಎಲ್ಲಿ ಇಡೂದು? ಯಾವಾಗಲೂ ಇಡೂದ ಚೀಲದ ಮ್ಯಾಲ. ಸೀಜನ್‌ದಾಗ ಚೀಲ ಸರಸಾಕ ಜಾಗ ಎಲ್ಲಿ ಐತೆಪಾ?"

ಮೂಲೆಯಲ್ಲಿ ನಟ್ಟುಗಳ ಸಪ್ಪಳ ನಿಂತಿತು.

ಬೀರಲಿಂಗಪ್ಪ ಸುಮ್ಮನಿದ್ದರೆ ಸಾಕಿತ್ತು. ಅವನು ಬಯಸಿದ್ದು ಅವನು ಬಯಸಿದ್ದಕ್ಕಿಂತ ದೊಡ್ಡದಾಗಿ, ನಾಳೆಯೇ, ತಾನಾಗಿ ಆಗುವುದಿತ್ತು. ಶಾಲು ಹೊದ್ದು ನಿಂತ ಹುಡುಗನ ಕೈಗಳನ್ನು ಅವನು ನೋಡಿದ. ಬಂದ ದಿನ ಹೇಗಿದ್ದವೋ ಹಾಗೇ ಇದ್ದವು.

"ಇವರನ್ನ ಮ್ಯಾಲ ಹತ್ತಸಬ್ಯಾಡ್ರಿ," ಎಂದ. "ಇವರಿಗೆ ಕೆಲಸ ಬರಂಗಿಲ್ಲ. ಒಂದ ದಿನಾನೂ ನಾ ಹೋಲ್ಡರ್ ಕೊಟ್ಟಿಲ್ಲ. ಬೇಕಂತನ ಕೊಟ್ಟಿಲ್ಲ."

"ಏನಂದಿ?" ವಿರೂಪಾಕ್ಷಪ್ಪನ ಮುಖ ಕೆಂಪಾಯಿತು. "ಮತ್ತ ಈ ಮಾರ್ಕ್ಸು? ಈ ಶಾಲು?"

"ಅವೂ ಬೇಕಂತನ ಕೊಟ್ಟಿದ್ದು. ನನ್ನ ತಮ್ಮಗ ಕೆಲಸ ಬರತಿರಲಿಲ್ಲ ಅಂದ್ರೆಲ್ಲ. ಕೆಲಸ ಬರದಾವ ಅಂದ್ರ ಹೆಂಗಿರತಾನ ಅನ್ನೂದನ್ನ ನಿಮ್ಮ ಮನ್ಯಾಗ ಒಬ್ಬನ್ನ ಮಾಡಿ ತೋರಸ್ಬೇಕಿತ್ತು."

ಶ್ರೀದೇವಿ ಮೇಡಂ ಮೊಬೈಲು ಕೆಳಗಿಳಿಸಿದರು. "ಹುಡುಗ ನಿಮಗೇನ ಮಾಡಿದ್ದನ್ರೀ?"

"ಏನೂ ಮಾಡಿಲ್ರಿ. ಚಲೋ ಹುಡುಗ. ಇವರಪ್ಪ ಹಾವೇರಿಗೆ ಹೋಗಿ ಆ ಅಧಿಕಾರಿ ಮುಂದ, ಚೀಲದ ಮ್ಯಾಲ ಏಣಿ ಇಡಿಸಿದಾವ ನಾನ ಅಂತ ಹೇಳ್ಲಿ. ನಾಳಿಂದನ ಇವಗ ಬೈದು ಬೈದು ಕಲಸತೇನಿ."

"ನಿನ್ನಂಥಾವರು ರಸ್ತೆ ತುಂಬ ಬಿದ್ದಾರ," ಎಂದು ವಿರೂಪಾಕ್ಷಪ್ಪ ಡಬ್ಬಿಯನ್ನು ಅಲ್ಲೇ ಒಗೆದು ಹೋಗಿ ಕಾರಿನಲ್ಲಿ ಕುಳಿತ. "ಬಾರಲೇ ಸಿದ್ದೂ!"

ಸಿದ್ದಲಿಂಗೇಶ ಕಾರಿನ ಕಡೆ ಹೋಗಲಿಲ್ಲ. ಶಾಲು ತೆಗೆದು ಕುರ್ಚಿಯ ಮೇಲಿಟ್ಟು ಒಳಗಿನ ಮೂಲೆಗೆ ನಡೆದ.

"ಮೈಲಪ್ಪಣ್ಣಾರ, ಮಾಲಕರು ಕಲಸದಿದ್ರ ಇರ್ಲಿ. ನೀವು ಕೂತಲ್ಲೆ ಹೇಳ್ರಿ, ನಾ ಮಾಡತೇನಿ."

ಮಾತಾಡಿದ್ದರಿಂದ ಬೀರಲಿಂಗಪ್ಪನ ಸಿಟ್ಟು ತುಸು ಇಳಿದಿತ್ತು. ತಮ್ಮ ಹೂಂ ಅಂದುಬಿಡಲಿ ಎಂದು ಅವನಿಗೇ ಅನ್ನಿಸಿತು. ಆದರೆ ಮೈಲಪ್ಪ ಕೈಯಲ್ಲಿದ್ದ ನಟ್ಟು ಕೆಳಗಿಟ್ಟು ಹೇಳಿದ:

"ಚೀಲದ ಮ್ಯಾಲ ಇಟ್ಟ ಏಣಿ ಹತ್ತಬ್ಯಾಡ. ಇದೊಂದ ಹೇಳತೇನಿ, ಯಾಕಂದ್ರ ನೀ ಬೀಳಬಾರದು. ಇದರ ಮ್ಯಾಲ ಒಂದ ಅಕ್ಷರ ನಾ ಕಲಸಂಗಿಲ್ಲ."

"ನಾ ಏನೂ ಮಾಡಿಲ್ಲಲ್ರೀ..."

"ನೀ ಮಾಡಿಲ್ಲ. ನಿಮ್ಮಪ್ಪ ಮಾಡ್ಯಾನ, ಮತ್ತ ಇವತ್ತೂ ಅದನ್ನ ಮಾಡಾಕತ್ತಾನ. ಅವ ಖರೇ ಹೇಳೂತನಕ ನಿಮ್ಮ ಮನಿಗೆ ನನ್ನ ಕಡಿಂದ ಏನೂ ಸಿಗಂಗಿಲ್ಲ. ಅಣ್ಣ ಕೊಟ್ರೂ ನಾ ಕೊಡಸಂಗಿಲ್ಲ."

ತೀರ್ಮಾನ ಈಗ ಬೀರಲಿಂಗಪ್ಪನದಾಗಿರಲಿಲ್ಲ.

ಸಿದ್ದಲಿಂಗೇಶ ತಲೆ ತಗ್ಗಿಸಿ ಹೊರಬಂದ. ಕಾರಿನ ಕಿಟಕಿಯ ಮುಂದೆ ನಿಂತಾಗ ಮಾತ್ರ ತಲೆ ಎತ್ತಿದ.

"ಅಪ್ಪಾ, ಹಾವೇರಿಗೆ ಹೋಗೂದಿದ್ರ ಹತ್ತತೇನಿ."

"ಮಂದಿ ನೋಡಾಕತ್ತಾರ, ಸುಮ್ನ ಹತ್ತು."

"ನೋಡ್ಲಿ. ಬ್ಯಾಡಗಿಗಾದ್ರ ನಾ ಬರಂಗಿಲ್ಲ."

ಪಕ್ಕದ ಚಹಾದಂಗಡಿಯವರು ಗ್ಲಾಸು ಹಿಡಿದುಕೊಂಡೇ ರಸ್ತೆಗೆ ಬಂದರು. ಮೈಲಪ್ಪನೂ ಮೂಲೆ ಬಿಟ್ಟು ಎದ್ದು ಬಾಗಿಲಿಗೆ ಬಂದು ನಿಂತ. ವಿರೂಪಾಕ್ಷಪ್ಪ ಹಾರ್ನು ಒತ್ತಿದ, ಬಿಟ್ಟ, ಮತ್ತೆ ಒತ್ತಿದ. ಮಗ ಬಾಗಿಲಿಗೆ ಕೈ ಹಚ್ಚಲಿಲ್ಲ.