ಹೆಪ್ಪು ಹಾಕಿದ ನೀರು

೨೦೦೨ನೇ ಇಸವಿ ಜನವರಿ ೨೧, ಸೋಮವಾರ, ಬೆಳಿಗ್ಗೆ ಒಂಬತ್ತು ನಲವತ್ತು. ಪ್ರಾಣಿಶಾಸ್ತ್ರದ ಲ್ಯಾಬಿನ ಬಾಗಿಲು ತೆರೆದ ಕೂಡಲೇ ಯಶೋದಳ ಮೂಗಿಗೆ ಬ್ಲೀಚಿಂಗ್ ಪೌಡರಿನ ವಾಸನೆ ಬಡಿಯಿತು. ಕಿಟಕಿಯ ಪಕ್ಕದ ಕಟ್ಟೆಯ ಮೇಲಿದ್ದ ಅಕ್ವೇರಿಯಂ ಹೊಸ ನೀರು ತುಂಬಿಕೊಂಡು ಹಿಂದೆಂದೂ ಇಲ್ಲದಷ್ಟು ಥಳಥಳಿಸುತ್ತಿತ್ತು. ಅದರ ತಳದ ಕಲ್ಲುಗಳಿರಲಿಲ್ಲ, ಫಿಲ್ಟರಿನ ಸ್ಪಂಜೂ ಇರಲಿಲ್ಲ. ಎರಡನ್ನೂ ಹೊರಗೆ ಕಾಂಪೌಂಡಿನ ಮೇಲೆ ಬಿಸಿಲಿಗೆ ಒಣಹಾಕಲಾಗಿತ್ತು.

ಅಟೆಂಡರ್ ಮಾದೇವಮ್ಮ ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತಾ ಒಳಗೆ ಬಂದಳು. "ಏಳ್ಗಂಟೆಗೇ ಬಂದ್ಬುಟ್ಟು ತೊಳ್ದೆ ಮೇಡಂ. ಕಲ್ಲೆಲ್ಲ ಲೋಳೆ ಕಟ್ಕಂಡಿತ್ತು. ಆ ಸ್ಪಂಜಂತೂ ಮುಟ್ಟುಕ್ಕೇ ಅಸಯ್ಯ. ಮೂರು ಸಲ ಪೌಡ್ರಾಕಿ ಉಜ್ಜಿವ್ನಿ. ಇನ್ನು ನೆಮ್ಮದಿಯಾಗಿ ಮೀನು ಬುಡಿ."

"ಯಾರು ಹೇಳಿದ್ರು ನಿಮ್ಗೆ ತೊಳೀರಿ ಅಂತ?" ಯಶೋದಳ ದನಿ ಕಾರಿಡಾರಿನವರೆಗೂ ಕೇಳಿಸಿತು. "ಮೂವತ್ತೈದು ದಿನ ಮಾದೇವಮ್ಮ! ಮೂವತ್ತೈದು ದಿನದ್ದು ಎಲ್ಲಾ ಹೋಯ್ತು!"

ಮಾದೇವಮ್ಮ ಗಾಬರಿಯಿಂದ ನೀರನ್ನು ನೋಡಿದಳು. ಅದರಲ್ಲಿ ಮೊದಲೂ ಏನೂ ಇದ್ದದ್ದು ಅವಳಿಗೆ ಕಂಡಿರಲಿಲ್ಲ.

ಕೊಳ್ಳೇಗಾಲದ ಆ ಖಾಸಗಿ ಕಾಲೇಜಿನಲ್ಲಿ ಯಶೋದ ಎರಡು ವರ್ಷದಿಂದ ತಾತ್ಕಾಲಿಕ ಉಪನ್ಯಾಸಕಿ. ಪ್ರತಿ ಜೂನ್‌ನಲ್ಲಿ ಆಡಳಿತ ಮಂಡಳಿಯ ಕಾರ್ಯದರ್ಶಿ ಗುರುಪಾದಸ್ವಾಮಿ ಸಹಿ ಹಾಕಿದರೆ ಮಾತ್ರ ಮುಂದಿನ ವರ್ಷದ ಕೆಲಸ. ಅವರು ನವೆಂಬರಿನಲ್ಲಿ ತಮ್ಮ ತಂದೆಯ ಹೆಸರು ಬರೆಸಿ ಅಕ್ವೇರಿಯಂ ಕೊಟ್ಟು, ಅದೇ ದಿನ ಹನ್ನೆರಡು ಮೀನು ಬಿಟ್ಟಿದ್ದರು. ನಾಲ್ಕನೇ ದಿನಕ್ಕೆ ಹನ್ನೆರಡೂ ಹೊಟ್ಟೆ ಮೇಲಾಗಿ ತೇಲಿದವು. "ಮೇಡಂ ಸರಿಯಾಗಿ ನೋಡ್ಕಳ್ನಿಲ್ಲ" ಎಂದು ಅವರು ಸ್ಟಾಫ್ ರೂಮಿನಲ್ಲಿ ಎಲ್ಲರೆದುರು ಹೇಳಿದರು.

ಯಶೋದ ಕಾಗದದ ಮೇಲೆ ಬಾಣದ ಗುರುತು ಹಾಕಿ ಅವರಿಗೆ ಅರ್ಧ ಗಂಟೆ ವಿವರಿಸಿದ್ದಳು. ಮೀನು ವಿಸರ್ಜಿಸುವ ಅಮೋನಿಯ ಮೀನಿಗೇ ವಿಷ. ಒಂದು ಜಾತಿಯ ಬ್ಯಾಕ್ಟೀರಿಯ ಅದನ್ನು ನೈಟ್ರೈಟ್ ಮಾಡುತ್ತದೆ, ಅದೂ ವಿಷವೇ. ಇನ್ನೊಂದು ಜಾತಿ ಅದನ್ನು ಹೆಚ್ಚು ಅಪಾಯವಿಲ್ಲದ ನೈಟ್ರೇಟ್ ಮಾಡುತ್ತದೆ. ಈ ಎರಡೂ ಕಲ್ಲಿನ ಮೇಲೆ, ಸ್ಪಂಜಿನೊಳಗೆ ಬಲು ನಿಧಾನವಾಗಿ ಬೆಳೆಯುತ್ತವೆ. ಅಲ್ಲಿಯವರೆಗೆ ಮೀನಿಲ್ಲದ ನೀರಿಗೆ ಅಮೋನಿಯದ ಹನಿ ಹಾಕುತ್ತಾ ಕಾಯಬೇಕು, ನಲವತ್ತು ದಿನ.

"ನಲವತ್ತು ದಿನ ನೀರಿಗೆ ಪೂಜೆ ಮಾಡ್ತೀರಾ?" ಎಂದು ಗುರುಪಾದಸ್ವಾಮಿ ನಕ್ಕಿದ್ದರು. "ಮಾಡಿ. ಫೆಬ್ರವರಿ ಒಂದಕ್ಕೆ ತಪಾಸಣೆ ಕಮಿಟಿ ಬರ್ತದೆ. ಅವತ್ತು ಮೀನಿರ್ಬೇಕು. ಇಲ್ದಿದ್ರೆ ಜೂನಿಗೆ ನಾವು ಬೇರೆಯವರನ್ನ ನೋಡ್ಬೇಕಾಗ್ತದೆ."

ಅಂದಿನಿಂದ ಯಶೋದ ನೆಟ್ಟಗೆ ಕೂತು ಊಟ ಮಾಡಿರಲಿಲ್ಲ. ಎರಡು ಪೀರಿಯಡ್ಡುಗಳ ನಡುವೆ ಲ್ಯಾಬಿಗೆ ಓಡಿ ಬರುವಳು. ಕೆಮಿಸ್ಟ್ರಿ ವಿಭಾಗದಿಂದ ತಂದ ದ್ರಾವಣಗಳನ್ನು ಪ್ರನಾಳದ ನೀರಿಗೆ ಬೆರೆಸುವಳು. ಅಮೋನಿಯ ಇದ್ದಷ್ಟು ಹಳದಿ, ನೈಟ್ರೈಟ್ ಇದ್ದಷ್ಟು ಗುಲಾಬಿ. "ನೀರಿನ ಮೇಡಂ" ಎಂದು ಹುಡುಗಿಯರು ಅಡ್ಡಹೆಸರಿಟ್ಟಿದ್ದರು. ಶನಿವಾರ ಸಂಜೆ ಹಳದಿ ಪೂರ್ತಿ ಹೋಗಿ, ಗುಲಾಬಿ ಇದ್ದೂ ಇಲ್ಲದಂತೆ ಉಳಿದಿತ್ತು.

"ಹುಳ ಬುಡೋ ಮುಂಚೆ ಮನೆ ತೊಳೀಬೇಕಲ್ವಾ ಮೇಡಂ," ಎಂದಳು ಮಾದೇವಮ್ಮ. ಅವಳದು ಶಾಗ್ಯ ಎಂಬ ಹಳ್ಳಿಯಲ್ಲಿ ರೇಷ್ಮೆ ಬೆಳೆಯುವ ಮನೆ. "ಒಂದು ತಟ್ಟೆ ತೊಳೀದೆ ಬುಟ್ರೆ ಹಾಲುತೊಂಡೆ ರೋಗ ಬಂದು ಇಡೀ ಬೆಳೆ ಓಯ್ತದೆ. ಮೊದ್ಲ ಮೀನು ಸತ್ವಲ್ಲ, ಆ ರೋಗ ಕಲ್ಲಲ್ಲಿ ಉಳ್ಕಂಡದೆ, ಅದ್ಕೇ ಮೇಡಂ ಬುಡ್ತಾ ಇಲ್ಲ ಅನ್ಕಂಡೆ. ನಿಮ್ಗೆ ಒಳ್ಳೇದಾಗ್ಲಿ ಅಂತ ಕಣ್ರಿ ಮಾಡಿದ್ದು."

ಯಶೋದ ಸ್ಟೂಲಿನ ಮೇಲೆ ಕುಳಿತಳು. ಕಾರ್ಯದರ್ಶಿಗೆ ಚಿತ್ರ ಬರೆದು ಹೇಳಿದ್ದಳು, ಹುಡುಗಿಯರಿಗೆ ಬೋರ್ಡಿನ ಮೇಲೆ ಹೇಳಿದ್ದಳು. ದಿನಾ ಈ ಕಟ್ಟೆ ಒರೆಸುವವಳಿಗೆ ಒಂದು ಮಾತೂ ಹೇಳಿರಲಿಲ್ಲ.

"ಆ ಲೋಳೆಯಲ್ಲೇ ಇದ್ದದ್ದು ಮಾದೇವಮ್ಮ. ಕಣ್ಣಿಗೆ ಕಾಣದ ಜೀವ. ನೀರಿನ ವಿಷ ತಿಂದು ಮೀನು ಉಳಿಸೋವು."

ಮಾದೇವಮ್ಮ ಕಿಟಕಿಯಿಂದ ಹೊರಗೆ ಒಣಗುತ್ತಿದ್ದ ಕಲ್ಲುಗಳನ್ನು ನೋಡಿದಳು. "ಮೊಸ್ರಿಗೆ ಹೆಪ್ಪು ಇದ್ದಂಗಾ?"

"ಹೆಚ್ಚುಕಮ್ಮಿ ಹಾಗೇ."

"ಮತ್ತೆ ಹೆಪ್ಪು ಕೆಟ್ರೆ ಪಕ್ಕದ ಮನೇಲಿ ಈಸ್ಕಬರದಲ್ವಾ? ಅದ್ಯಾಕೆ ತಲೆ ಮೇಲೆ ಕೈ ಇಟ್ಕಂಡು ಕುಂತಿದ್ದೀರಿ?"

ಯಶೋದ ತಲೆಯೆತ್ತಿದಳು. ಹಳೆಯ ಅಕ್ವೇರಿಯಂ ಊರಿನಲ್ಲಿ ಯಾರ ಮನೆಯಲ್ಲೂ ಇದ್ದಂತಿರಲಿಲ್ಲ. ಆದರೆ ವಿಚಾರಿಸಿದರೆ, ಮಾದೇವಮ್ಮನ ತೋಟದಲ್ಲೇ ಪಂಪಿನ ನೀರು ಬೀಳುವ ತೊಟ್ಟಿಯೊಂದಿತ್ತು. ಅದರಲ್ಲಿ ಹತ್ತು ವರ್ಷದಿಂದ ಮೀನಿದ್ದವು.

"ತೋಟಕ್ಕೆ ಔಷಧಿ ಹೊಡೀತೀರಾ? ಆ ನೀರು ಇಲ್ಲಿಗೆ ಬಂದ್ರೆ..."

"ಹುಳ ಮೇಯ್ಸೋರು ಇಪ್ಪನೇರ್ಳೆಗೆ ಔಷ್ದಿ ಒಡ್ದಾರಾ ಮೇಡಂ? ಒಡುದ್ರೆ ಹುಳ ಉಳ್ದದಾ?" ಎಂದಳು ಮಾದೇವಮ್ಮ. ಅಂದು ಮೊದಲ ಬಾರಿಗೆ ಅವಳ ದನಿಯಲ್ಲಿ ಮೇಡಂಗೆ ಅಷ್ಟೂ ಗೊತ್ತಿಲ್ಲವಲ್ಲ ಎಂಬ ಬೆರಗಿತ್ತು.

ಮಧ್ಯಾಹ್ನ ಅರ್ಧ ದಿನ ರಜೆ ಬರೆದು, ಇಬ್ಬರೂ ಎರಡು ಪ್ಲಾಸ್ಟಿಕ್ ಬಿಂದಿಗೆ ಹಿಡಿದು ಬಸ್ಸು ಹತ್ತಿದರು. ತೊಟ್ಟಿಯ ದಂಡೆಯಲ್ಲಿ ಮಾದೇವಮ್ಮನ ಗಂಡ ಪುಟ್ಟಸಿದ್ದಯ್ಯ, ಕಾಲೇಜು ಮೇಡಂ ಸೀರೆ ಎತ್ತಿ ಕಟ್ಟಿ ಪಾಚಿ ಹಿಡಿದ ಕಲ್ಲು ಆರಿಸುವುದನ್ನು ಬೀಡಿ ಹಚ್ಚುವುದನ್ನೂ ಮರೆತು ನೋಡಿದ.

"ಅಲ್ಲ ಕಣವ್ವ, ಕೊಳ್ಳೇಗಾಲದಲ್ಲಿ ಕಲ್ಲಿಗೂ ಬರ ಬಂದದಾ?"

"ನೀ ಸುಮ್ನಿರು," ಎಂದಳು ಮಾದೇವಮ್ಮ. "ಇದು ಸಯನ್ಸು."

ವಾಪಸ್ ಬರುವಾಗ ಬಿಂದಿಗೆಗಳು ಅವರ ಕಾಲ ನಡುವೆ ಇದ್ದವು. ಗಾಳಿಯಿಲ್ಲದೆ ಬ್ಯಾಕ್ಟೀರಿಯ ಹೆಚ್ಚು ಹೊತ್ತು ಬಾಳುವುದಿಲ್ಲ. ಯಶೋದ ಐದು ನಿಮಿಷಕ್ಕೊಮ್ಮೆ ಮುಚ್ಚಳ ತೆರೆದು ಕೈಯಿಂದ ನೀರು ಕದಡುತ್ತಿದ್ದಳು. ಕಾಮಗೆರೆಯಲ್ಲಿ ಡ್ರೈವರ್ ಟೀ ಕುಡಿಯಲು ಇಳಿದಾಗ ಅವಳು ಗಡಿಯಾರ ನೋಡಿದಳು. ಬಸ್ಸು ನಿಂತದ್ದು ಹನ್ನೊಂದು ನಿಮಿಷ. ಅಷ್ಟರಲ್ಲಿ ನಾಲ್ಕು ಬಾರಿ ಎದ್ದು ಕುಳಿತಿದ್ದಳು. ಕಂಡಕ್ಟರ್ ಬಿಂದಿಗೆಯೊಳಗೆ ಇಣುಕಿ, "ಏನಮ್ಮ, ಕಲ್ಲು ಬೇಯ್ಸಿ ಸಾರು ಮಾಡೀರಾ? ಲಗೇಜ್ ಟಿಕೆಟ್ ತಕಳಿ" ಎಂದ.

"ನಿನ್ನೇ ಕರೀತೀವಿ ಊಟಕ್ಕೆ," ಎಂದಳು ಮಾದೇವಮ್ಮ.

ಲ್ಯಾಬಿನಲ್ಲಿ ಬ್ಲೀಚಿಂಗ್ ಅಂಶವಿದ್ದ ನೀರು ಚೆಲ್ಲಿ, ಬಾವಿಯ ನೀರು ತುಂಬಿ, ತೊಟ್ಟಿಯ ಕಲ್ಲು ಹರಡಿ, ಮತ್ತೆ ಅಮೋನಿಯದ ಹನಿ ಹಾಕುವ ಹೊತ್ತಿಗೆ ಐದೂಮುಕ್ಕಾಲು. ಆಮೇಲಿನ ಹತ್ತು ದಿನ ಯಶೋದ ನಿದ್ದೆಯಲ್ಲೂ ಬಣ್ಣಗಳನ್ನೇ ಕಂಡಳು. ಮಾದೇವಮ್ಮ ಈಗ ಅವಳಿಗಿಂತ ಮೊದಲೇ ಪ್ರನಾಳ ತೊಳೆದಿಟ್ಟು ಕಾಯುತ್ತಿದ್ದಳು. ಹಳದಿ ಇಳಿಯಿತು, ಗುಲಾಬಿ ಏರಿತು, ಎರಡು ದಿನ ಜಪ್ಪಯ್ಯ ಎನ್ನದೆ ನಿಂತಿತು, ಆಮೇಲೆ ಇಳಿಯತೊಡಗಿತು. "ನಮ್ಮೂರೆಮ್ಮೆ ಥರ ಮೇಡಂ, ಒಡುದ್ರೆ ನಡಿಯಾಕಿಲ್ಲ," ಎಂದು ಮಾದೇವಮ್ಮ ಸಮಾಧಾನ ಹೇಳಿದಳು.

ಫೆಬ್ರವರಿ ಒಂದು, ಶುಕ್ರವಾರ. ಒಂಬತ್ತು ಗಂಟೆಗೆ ಗುರುಪಾದಸ್ವಾಮಿ ಇಸ್ತ್ರಿ ಮಾಡಿದ ಬಿಳಿ ಬಟ್ಟೆಯಲ್ಲಿ ಬಂದರು. ಅವರ ಕೈಯಲ್ಲಿ ಗಾಳಿ ತುಂಬಿ ಕಟ್ಟಿದ ಪ್ಲಾಸ್ಟಿಕ್ ಚೀಲ, ಅದರಲ್ಲಿ ಮೈಸೂರಿನಿಂದ ತರಿಸಿದ ಏಳು ಚಿನ್ನದ ಬಣ್ಣದ ಮೀನು.

"ಬಿಡಿ ಮೇಡಂ. ಹತ್ತೂವರೆಗೆ ಕಮಿಟಿ ಬರ್ತದೆ."

ಯಶೋದ ಪ್ರನಾಳವನ್ನು ಕಿಟಕಿಯ ಬೆಳಕಿಗೆ ಹಿಡಿದಿದ್ದಳು. ಗುಲಾಬಿ ಹೋಗಿರಲಿಲ್ಲ. "ನೈಟ್ರೈಟ್ ಇನ್ನೂ ಲೀಟರಿಗೆ ಅರ್ಧ ಮಿಲಿಗ್ರಾಂ ಇದೆ ಸಾರ್."

"ಅರ್ಧ ಮಿಲಿಗ್ರಾಂ!" ಗುರುಪಾದಸ್ವಾಮಿ ನಕ್ಕರು. "ಏಳನ್ನೂ ಬಿಡಿ, ಸಂಜೆ ಸತ್ರೆ ಸಾಯ್ಲಿ. ಕಮಿಟಿಯೋರು ಇರೋ ತನಕ ಈಜಿದ್ರೆ ಸಾಕು."

ಅವಳು ಚೀಲದತ್ತ ನೋಡಿದಳು. ಅವರು ಹೇಳಿದ್ದು ನಿಜ. ಈಗ ಬಿಟ್ಟರೆ ಹತ್ತೂವರೆಯಿಂದ ಹನ್ನೆರಡರವರೆಗೆ ಆ ಮೀನು ಖಂಡಿತ ಈಜುತ್ತಿದ್ದವು. ಜೂನ್ ತಿಂಗಳ ಆದೇಶಪತ್ರ ಅಷ್ಟು ಹತ್ತಿರದಲ್ಲಿತ್ತು.

"ಇವತ್ತು ಬೇಡ ಸಾರ್."

"ನಲವತ್ತು ದಿನ ಅಂದ್ರಿ. ಇವತ್ತಿಗೆ ನಲವತ್ತಾರಾಯ್ತು. ಯಾಕಾಗ್ನಿಲ್ಲ?"

ಬಾಗಿಲ ಬಳಿ ಮಾದೇವಮ್ಮ ಪೊರಕೆ ಗೋಡೆಗೊರಗಿಸಿ ಮುಂದೆ ಬಂದಳು. ಅವಳದು ದಿನಗೂಲಿ. "ಸಾ, ಅದು ನಾನು..."

"ನನ್ನ ತಪ್ಪು ಸಾರ್," ಎಂದಳು ಯಶೋದ, ಜೋರಾಗಿ. "ಮಧ್ಯೆ ನೀರು ಬದಲಾಯ್ತು. ಹೇಳಬೇಕಾದವರಿಗೆ ನಾನು ಮೊದಲೇ ಹೇಳಿರಲಿಲ್ಲ."

ಗುರುಪಾದಸ್ವಾಮಿ ಚೀಲವನ್ನು ಕಟ್ಟೆಯ ಮೇಲಿಟ್ಟರು. "ಪ್ರಾಣಿಶಾಸ್ತ್ರ ಅಂತೀರಿ. ಪ್ರಾಣಿ ಎಲ್ಲಿ ಮೇಡಂ?" ಅವರ ದನಿ ಏರಲಿಲ್ಲ. "ಆಯ್ತು. ಜೂನ್ ವಿಷಯ ಜೂನಿಗೆ ನೋಡೋಣ."

ಕಮಿಟಿಯವರು ಹನ್ನೊಂದೂಕಾಲಿಗೆ ಬಂದರು. ಮೂವರಲ್ಲಿ ಒಬ್ಬರು ಮೈಕ್ರೊಸ್ಕೋಪುಗಳನ್ನು ಎಣಿಸಿದರು, ಇನ್ನೊಬ್ಬರು ಬೆಂಕಿ ಆರಿಸುವ ಸಿಲಿಂಡರಿನ ತಾರೀಕು ನೋಡಿದರು. ಅಕ್ವೇರಿಯಂ ಕಡೆ ಯಾರೂ ತಿರುಗಲಿಲ್ಲ. ನಾಲ್ಕು ನಿಮಿಷದಲ್ಲಿ ಪಕ್ಕದ ಕೋಣೆಗೆ ಹೋದರು. ಹಿಂದೆ ನಡೆಯುತ್ತಿದ್ದ ಗುರುಪಾದಸ್ವಾಮಿ ಮಾತ್ರ ಒಮ್ಮೆ ಖಾಲಿ ನೀರನ್ನೂ ಒಮ್ಮೆ ಅವಳನ್ನೂ ನೋಡಿದರು.

ಚೀಲದೊಳಗಿನ ಗಾಳಿ ಸಂಜೆಯವರೆಗೆ ಸಾಕಾಗುತ್ತಿತ್ತು, ಅದಕ್ಕಿಂತ ಹೆಚ್ಚಲ್ಲ.

"ಕೊಡಿ ಇತ್ತಗೆ, ತೊಟ್ಟಿಗೆ ಬುಡ್ತೀನಿ," ಎಂದಳು ಮಾದೇವಮ್ಮ. ಚೀಲವನ್ನು ಮಗುವಿನಂತೆ ತೋಳಿಗೆ ಒತ್ತಿಕೊಂಡಳು. "ಮೂರೂವರೆ ಬಸ್ಸು ಸಿಕ್ತದೆ" ಎಂದು ಹೇಳಿ ಹೊರಟಳು.

ಯಶೋದ ಕೊನೆಯ ಪೀರಿಯಡ್ ಮುಗಿಸಿ ಬಂದಾಗ ಇಳಿಬಿಸಿಲು ಅಕ್ವೇರಿಯಂ ಹಾದು ಎದುರಿನ ಗೋಡೆಯ ಮೇಲೆ ಅಲುಗುತ್ತಿತ್ತು. ಅವಳು ಐದು ಮಿಲಿಲೀಟರ್ ನೀರು ತೆಗೆದು, ದ್ರಾವಣ ಬೆರೆಸಿ, ಹತ್ತು ನಿಮಿಷ ಕಾದು, ಪ್ರನಾಳವನ್ನು ಬಿಳಿ ಕಾಗದದ ಮುಂದೆ ಹಿಡಿದು ಪುಸ್ತಕದಲ್ಲಿ ಬರೆದಳು: ಫೆಬ್ರವರಿ ೧, ಸಂಜೆ ೪.೨೦. ಅಮೋನಿಯ ಸೊನ್ನೆ. ನೈಟ್ರೈಟ್, ಲೀಟರಿಗೆ ೦.೨೫ ಮಿಲಿಗ್ರಾಂ.