ಮಾತ್ರೆಯ ಹಾಲು

"ಯಾವನಿಗೆ ಬಸ್ರಾದೆಯೇ ಬೋಸುಡಿ? ಸತ್ತೋದ ಗಂಡ ಎದ್ದು ಬಂದಿದ್ನಾ?"

ಸೂಪರ್‌ವೈಸರ್ ಅಶ್ವಥ್ ಎಲ್ಲರಿಗೂ ಕೇಳಲಿ ಅಂತಲೇ ಕೇಳಿದ. ಹಾರೋಹಳ್ಳಿಯ ಆ ಪ್ಲಾಸ್ಟಿಕ್ ಫ್ಯಾಕ್ಟರಿಯಲ್ಲಿ ಬಾಟ್ಲಿ ಮುಚ್ಚಳ ಆರಿಸುತ್ತಿದ್ದ ಹೆಂಗಸರು ತಲೆಯೆತ್ತಿ ಬೋರಮ್ಮನ ಕಡೆ ನೋಡಿದರು. ಅವಳ ಹೊಟ್ಟೆ ದಪ್ಪಗಾಗಿತ್ತು. ಕುಪ್ಪಸ ಎರಡೂ ಕಡೆ ಒದ್ದೆಯಾಗಿತ್ತು.

"ಯಾವನೂ ಇಲ್ಲ ಸಾ. ಯಾಕಿಂಗಾಯ್ತದೋ ನಂಗೇ ಗೊತ್ತಿಲ್ಲ."

"ಹಾಲು ಸುಮ್ಕೆ ಬತ್ತದಾ? ನಿಮ್ ಕೇರಿಲಿ ಇವೆಲ್ಲ ನಡೀತದೆ. ಇಲ್ಲಿ ಮರ್ವಾದಸ್ಥ ಹೆಣ್ಮಕ್ಳು ದುಡೀತಾವೆ. ನಡಿ ಆಚೆಗೆ."

ಪಕ್ಕದಲ್ಲಿದ್ದ ತಾಹೇರಾ ಮುಚ್ಚಳದ ರಾಶಿಯತ್ತ ಮುಖ ತಗ್ಗಿಸಿದಳು. ದಿನಾ ಉಪ್ಪಿನಕಾಯಿ ಹಂಚಿಕೊಂಡು ಉಣ್ಣುತ್ತಿದ್ದವಳು ಈಚೆಗೆ ಊಟದ ಡಬ್ಬಿ ಎತ್ತಿಕೊಂಡು ಆಚೆ ಗೋಡೆಯ ಕಡೆ ಹೋಗಿ ಕೂರುತ್ತಿದ್ದಳು. ಬೋರಮ್ಮ ಒಬ್ಬಳೇ ಉಣ್ಣುವುದನ್ನು ರೂಢಿ ಮಾಡಿಕೊಂಡಿದ್ದಳು.

ಗಂಡ ಗಂಗಯ್ಯ ಕನಕಪುರದ ಹತ್ತಿರ ಕಲ್ಲುಕ್ವಾರಿಯಲ್ಲಿ ಬಂಡೆ ಉರುಳಿ ಸತ್ತ ಮೇಲೆ ಅವಳಿಗೆ ಗೋಡೆಯೊಳಗಿಂದ ಅವನ ದನಿ ಕೇಳತೊಡಗಿತ್ತು. "ಬೋರೀ, ಬಾ." ಆ ಕರೆ ಹಿಡಿದು ಒಮ್ಮೆ ಕ್ವಾರಿಯ ಅಂಚಿಗೇ ಹೋಗಿದ್ದಳು. ಕೇರಿಯವರು ಹಿಡಿದು ತಂದು ಕನಕಪುರದ ಡಾಕ್ಟರಿಗೆ ತೋರಿಸಿದರು. ಮಾತ್ರೆ ತಿಂದ ಮೇಲೆ ದನಿ ನಿಂತಿತು. ಫ್ಯಾಕ್ಟರಿಯಲ್ಲಿ ಯಾರಿಗೂ ಹೇಳದೆ, ಆ ಮಾತ್ರೆಯನ್ನು ಗುಟ್ಟಾಗಿ ಮಡಿಲಲ್ಲಿಟ್ಟುಕೊಂಡು ಕೆಲಸಕ್ಕೆ ಬರುತ್ತಿದ್ದಳು. ದನಿ ಹೋಯಿತು, ಮಾತಾಡುವವರೂ ಇಲ್ಲವಾದರು.

ಅಶ್ವಥ್ ಆಚೆಗೆ ಕಳಿಸಿದ ದಿನವೇ ಬಸ್ ಹತ್ತಿ ಕನಕಪುರದ ಡಾಕ್ಟರ ಮುಂದೆ ಕೂತಳು.

"ದೀಪಾವಳಿಯಿಂದ ಮುಟ್ಟಾಗ್ನಿಲ್ಲ ಸಾ. ಈಗ ಹಾಲು."

ಡಾಕ್ಟರು ಚೀಟಿಯಿಂದ ತಲೆ ಎತ್ತಲಿಲ್ಲ. "ಈ ಮಾತ್ರೆಗೆ ಕೆಲವರಿಗೆ ಹಾಗಾಗುತ್ತಮ್ಮ. ಮುಟ್ಟು ನಿಲ್ಲುತ್ತೆ, ಹಾಲು ಬರುತ್ತೆ, ಮೈ ಬರುತ್ತೆ. ರಕ್ತ ಟೆಸ್ಟ್ ಮಾಡಿಸು, ಬೇರೆ ಮಾತ್ರೆಗೆ ಬದಲಾಯಿಸೋಣ. ನೀನಾಗಿ ನಿಲ್ಲಿಸಬೇಡ, ಮತ್ತೆ ತಲೆ ಕೆಡುತ್ತೆ."

"ನಿಮ್ಗೆ ಮೊದ್ಲೇ ಗೊತ್ತಿತ್ತಾ?"

"ಗೊತ್ತಿರದೆ?"

"ಮತ್ತೆ ನಂಗ್ಯಾಕೆ ಯೇಳ್ನಿಲ್ಲ?"

"ಹೇಳಿದ್ರೆ ನಿಮ್ಮಂಥೋರು ಮಾತ್ರೆ ತಗೊಳಲ್ಲ."

ಬೋರಮ್ಮ ಮೇಜಿಗೆ ಕೈಯೂರಿ ಮುಂದಕ್ಕೆ ಬಾಗಿದಳು. "ನನ್ನ ಸೂಳೆ ಅಂದ್ರು ಸಾ. ಒಸಿ ಫ್ಯಾಕ್ಟ್ರಿಗೆ ಫೋನ್ ಮಾಡಿ ಈ ಮಾತ ಅವ್ರಿಗೂ ಯೇಳಿ."

"ಅದು ನನ್ನ ಕೆಲಸ ಅಲ್ಲಮ್ಮ." ಬೆಲ್ ಒತ್ತಿದರು. ಮುಂದಿನವರು ಒಳಗೆ ಬಂದರು.

ಮಾರನೇ ಬೆಳಿಗ್ಗೆ ಶಿಫ್ಟಿನ ಹೊತ್ತಿಗೆ ಬೋರಮ್ಮ ಫ್ಯಾಕ್ಟರಿ ಗೇಟಿನ ಮುಂದೆ ನಿಂತಳು. ಬಸ್ಸಿನಿಂದ ಇಳಿದ ಹೆಂಗಸರು ಪಕ್ಕಕ್ಕೆ ಸರಿದು ಹೋಗುತ್ತಿದ್ದರು.

"ಮನೆಗೋಗು ಬೋರಕ್ಕ," ಎಂದು ತಾಹೇರಾ ಮೆಲ್ಲಗೆ ಅಂದಳು.

ಬೋರಮ್ಮ ಎದೆ ಮೇಲಿನ ಸೆರಗು ತೆಗೆದು ಸೊಂಟಕ್ಕೆ ಸಿಕ್ಕಿಸಿದಳು. "ನೋಡ್ಕಳಿ. ನಂಗೆ ತಲೆ ಕೆಟ್ಟಿತ್ತು, ಅದ್ಕೆ ಮಾತ್ರೆ ತಿಂತೀನಿ. ಈ ಹಾಲು ಮಾತ್ರೇದು, ಗಂಡಸ್ದಲ್ಲ. ಕುಡ್ಯಾಕೆ ಕೂಸಿಲ್ಲ. ಕೊಟ್ಟ ಡಾಕ್ಟ್ರಿಗೆ ಗೊತ್ತಿತ್ತು, ಈಗ ನಿಮ್ಗೂ ಗೊತ್ತಾಯ್ತು. ಇನ್ಮೇಲೆ ಬಸ್ರಿ ಅನ್ನೋರು ಎದುರ್ಗೆ ನಿಂತು ಅನ್ನಿ."

ಅಶ್ವಥ್ ಒಳಗಿಂದ ಬಂದವನು ಅವಳ ಮುಖ ನೋಡಲಾರದೆ ವಾಚ್‌ಮನ್ ಕಡೆ ತಿರುಗಿದ. "ಹುಚ್ಮುಂಡೆ. ಎಲ್ರೂ ಒಳಕ್ಕೋಗ್ಲಿ, ಗೇಟ್ ಹಾಕು."

ಸೈರನ್ ಕೂಗಿತು. ತಾಹೇರಾ ಒಂದು ಗಳಿಗೆ ನಿಂತಳು, ಆಮೇಲೆ ಎಲ್ಲರ ಜೊತೆ ಒಳಗೆ ಹೋದಳು. ಗೇಟು ಮುಚ್ಚಿತು.

ಬೋರಮ್ಮ ಮುಚ್ಚಿದ ಗೇಟಿನ ನಡುಮಧ್ಯಕ್ಕೆ ಬೆನ್ನು ಕೊಟ್ಟು ಮಣ್ಣಲ್ಲಿ ಕೂತಳು. ಮಾಲು ತುಂಬಿದ ಲಾರಿಯೊಂದು ಬಂದು ಎದುರಿಗೆ ನಿಂತು ಹಾರನ್ ಹೊಡೆಯಿತು. ಮತ್ತೆ ಹೊಡೆಯಿತು. ಅವಳು ಏಳಲಿಲ್ಲ.